ಬೆಲ್ಲನ ಪಥ್ಯ

ಅನಿತ ತೀರಿಕೊಂಡಾಗ ವೇಣುಗೋಪಾಲ್ ಅಳಲಿಲ್ಲ. ಅವಳು ಸಾಕಿದ ನಾಯಿ ಅತ್ತಿತು ಎಂದು ಬೀದಿಯವರೆಲ್ಲ ಹೇಳಿದರು.

ದೊಡ್ಡಬಳ್ಳಾಪುರದಲ್ಲಿ ನೇಕಾರರ ಬೀದಿಯೊಂದರ ತುದಿಯ ಮನೆ ಅವನದು. ಮುಂದಿನ ಹಜಾರದಲ್ಲಿ ಪವರ್‌ಲೂಮ್ ಮಗ್ಗಗಳು, ಹಿಂದೆ ಅಡುಗೆಮನೆ, ಮಲಗುವ ಕೋಣೆ, ಅದರಾಚೆ ತಗಡು ಹೊದಿಸಿದ ಹಿತ್ತಲು. ಹೋದ ಮಳೆಗಾಲದಲ್ಲಿ ಅನಿತ ಜ್ವರ ಅಂತ ಮಲಗಿದಳು. ಡೆಂಗಿ ಅಂದರು, ಬೆಂಗಳೂರಿಗೆ ಕರೆದುಕೊಂಡು ಹೋಗಿ ಅಂದರು. ಆಂಬುಲೆನ್ಸ್ ರಾಜಾನುಕುಂಟೆ ದಾಟುವಾಗ ಅವಳು ಕಣ್ಣು ತೆರೆದು, "ರೀ, ಬೆಲ್ಲನಿಗೆ ಅನ್ನ ಇಟ್ರಾ?" ಎಂದು ಕೇಳಿದಳು. "ಇಟ್ಟಿದೀನಿ" ಅಂದ. ಆಮೇಲೆ ಅವಳು ಮಾತಾಡಲಿಲ್ಲ.

ಮಣ್ಣು ಮಾಡಿ ಬಂದ ದಿನ ವೇಣುಗೋಪಾಲ್ ಬಾಗಿಲಲ್ಲಿ ಕೂತು, ಬಂದವರಿಗೆಲ್ಲ ಕೈ ಮುಗಿದ. ಹೆಂಗಸರು ಗೋಳಾಡಿದರು. ಅವನು ಪೆಂಡಾಲಿನ ಒಂದು ಹಗ್ಗ ಸಡಿಲವಾಗಿರುವುದನ್ನು ನೋಡಿ ಎದ್ದು ಹೋಗಿ ಬಿಗಿದು ಕಟ್ಟಿದ. ತಿಥಿ ಮುಗಿದ ಮಾರನೆಯ ಬೆಳಗ್ಗೆ ಮಗ್ಗಗಳ ಸ್ವಿಚ್ ಒತ್ತಿದ. ಲಾಳಿಗಳು ಎಂದಿನಂತೆ ಬಡಿದಾಡತೊಡಗಿದವು. ಆ ಸದ್ದು ಬೀದಿಯಲ್ಲಿ ಹಬ್ಬಿದಾಗ, "ಎದೇಲಿ ಕಲ್ಲಿಟ್ಕೊಂಡವ್ನೆ ಮಾರಾಯ" ಎಂದು ಯಾರೋ ಅಂದದ್ದು ಅವನ ಕಿವಿಗೂ ಬಿತ್ತು. ಅವನಿಗೆ ಬೇಜಾರಾಗಲಿಲ್ಲ. ಹಾಗಂದವರು ತಪ್ಪಾಗಿ ಅಂದಿದ್ದಾರೆ ಅನ್ನಿಸಲೂ ಇಲ್ಲ. ಸ್ನಾನ ಮಾಡುತ್ತಿದ್ದ, ತಿನ್ನುತ್ತಿದ್ದ, ಕಡಿದ ಎಳೆ ಕಂಡರೆ ಮಗ್ಗ ನಿಲ್ಲಿಸಿ ಗಂಟು ಹಾಕುತ್ತಿದ್ದ. ಸಂಜೆ ಹಗ್ಗದ ಮೇಲಿನ ಬಟ್ಟೆ ಮಡಿಸುವಾಗ ಅವಳ ಸೀರೆಯೊಂದು ಕೈಗೆ ಸಿಕ್ಕರೆ ಅದನ್ನೂ ಮಡಿಸಿ ಬೀರುವಿನೊಳಗೆ ಇಡುತ್ತಿದ್ದ.

ನಾಯಿಯ ಕಥೆ ಬೇರೆಯಾಗಿತ್ತು. ದೇವನಹಳ್ಳಿಯ ಗೆಳತಿಯ ಮನೆಯಿಂದ ಅನಿತ ಮಡಿಲಲ್ಲಿಟ್ಟುಕೊಂಡು ತಂದ ಮರಿ ಅದು. ತಾಯಿ ಲ್ಯಾಬ್ರಡಾರ್, ತಂದೆ ಯಾವುದೋ ಬೀದಿ ನಾಯಿ. ಅಚ್ಚು ಬೆಲ್ಲದ ಬಣ್ಣ, ಅದಕ್ಕೇ ಬೆಲ್ಲ. ಮಕ್ಕಳಿಲ್ಲದ ಮನೆ, ಅನಿತ ಅದನ್ನು ಮಗು ಅಂತ ಎಂದೂ ಕರೆದವಳಲ್ಲ, ಆದರೆ ಅದರ ಊಟಕ್ಕೆ ಹಿತ್ತಲಲ್ಲಿ ಬೇರೆ ಒಲೆಯನ್ನೇ ಹೂಡಿದ್ದಳು. ಬೆಳಗ್ಗೆ ಚಪಾತಿ, ಮಧ್ಯಾಹ್ನ ಮೊಸರನ್ನ, ಸಂಜೆ ಕೋಳಿಯ ಕತ್ತು, ಲಿವರು ಹಾಕಿ ಬೇಯಿಸಿದ ಅನ್ನ. ಅವಳು ಹೋದ ಮೇಲೆ ಬೆಲ್ಲ ಮೈ ಕೆರೆದುಕೊಳ್ಳಲು ಶುರುಮಾಡಿತು. ಮೊದಲು ಕಿವಿ, ಆಮೇಲೆ ಕಂಕುಳು, ಆಮೇಲೆ ಹೊಟ್ಟೆ. ಕೂದಲು ಹಿಡಿಹಿಡಿಯಾಗಿ ಉದುರಿತು. ಹೊಟ್ಟೆಯ ಚರ್ಮ ದಪ್ಪವಾಗಿ ಕಪ್ಪಗಾಯಿತು. ಪಾದಗಳನ್ನು ನೆಕ್ಕಿ ನೆಕ್ಕಿ ಬೆರಳ ಸಂದುಗಳು ಕೆಂಪಗೆ ಊದಿಕೊಂಡವು. ಹಳಸಿದ ಎಣ್ಣೆಯಂಥ ಒಂದು ವಾಸನೆ ಅದರ ಮೈಯಿಂದ ಬರತೊಡಗಿತು.

"ಕೊರಗು ಕಣಪ್ಪ ಅದು" ಎಂದಳು ರುಕ್ಮಿಣಮ್ಮ. ಅನಿತಳ ತಾಯಿ. ವೇಣುಗೋಪಾಲ್‌ನ ಸೋದರಮಾವನ ಹೆಂಡತಿಯೂ ಅವಳೇ ಆದ್ದರಿಂದ, ಚಡ್ಡಿ ಹಾಕುವ ವಯಸ್ಸಿನಿಂದಲೂ ಅವನಿಗೆ ಅತ್ತೆ. ಎರಡು ಬೀದಿ ಆಚೆ ಮಗ ಸಂತೋಷನ ಮನೆಯಲ್ಲಿದ್ದಳು. ಮಗಳು ಹೋದ ಮೇಲೆ ದಿನಾ ಒಂದು ಹೊತ್ತು ಬಂದು ಹಿತ್ತಲಲ್ಲಿ ಕೂತು ಹೋಗುವುದು ಅವಳಿಗೆ ಅಭ್ಯಾಸವಾಗಿತ್ತು. "ಮನುಷ್ಯರಾದ್ರೆ ಬಾಯ್ಬಿಟ್ಟು ಅಳ್ತಾರೆ. ಮೂಕಜೀವ ಏನ್ ಮಾಡೀತು? ಒಳಗಿನ ಸಂಕಟಾನ ಮೈಮೇಲೆ ತಂದ್ಕೊಂಡೈತೆ."

ಬೀದಿಯಲ್ಲಿ ಎಲ್ಲರಿಗೂ ಈ ಮಾತು ಹಿಡಿಸಿತು. ಗೇಟಿನ ಮುಂದೆ ಹೋಗುವವರು ನಿಂತು ನೋಡಿ ಲೊಚಗುಟ್ಟುತ್ತಿದ್ದರು. ಮನೆಯಲ್ಲಿ ಕೋಳಿ ಮಾಡಿದವರು ನಾಯಿಗೆಂದು ಒಂದು ಬಟ್ಟಲು ಎತ್ತಿಟ್ಟು ತಂದುಕೊಡುತ್ತಿದ್ದರು. ರುಕ್ಮಿಣಮ್ಮನಂತೂ ಬರುವಾಗಲೆಲ್ಲ ಸೆರಗಿನ ಮರೆಯಲ್ಲಿ ಸ್ಟೀಲ್ ಡಬ್ಬಿ ತಂದು, ಮೆತ್ತಗೆ ಬೆಂದ ತುಂಡುಗಳನ್ನು ಕೈಯಾರೆ ಬಿಡಿಸಿ ತಿನ್ನಿಸುತ್ತಿದ್ದಳು. "ತಿನ್ನಪ್ಪ. ನಿಂಗಾದ್ರೂ ಅವ್ಳ ನೆನಪೈತಲ್ಲ" ಅನ್ನುತ್ತಿದ್ದಳು. ಒಂದು ದಿನ ವೇಣುಗೋಪಾಲ್ ಅಲ್ಲೇ ಕೈ ತೊಳೆಯುತ್ತಿದ್ದಾಗ, ತಲೆಯೆತ್ತದೆಯೇ, "ಈ ನಾಯಿಗಿರೋ ದುಃಖದಾಗೆ ಕಾಲು ಭಾಗ ನಿಂಗಿಲ್ವಲ್ಲೋ ವೇಣು" ಅಂದಳು.

ಅವನು ಟವೆಲಿನಿಂದ ಕೈ ಒರೆಸಿಕೊಂಡ. ಇರಬಹುದು ಅಂದುಕೊಂಡ. ಕೂದಲುದುರಿದ ಆ ಮೈಯನ್ನು ನೋಡಿದಾಗ ಅವನಿಗೆ ಅಯ್ಯೋ ಅನ್ನಿಸುತ್ತಿರಲಿಲ್ಲ. ಅನ್ನಿಸಿದ್ದು ಹೊಟ್ಟೆಕಿಚ್ಚಿನಂಥ ಏನೋ. ಇದಕ್ಕೆ ಸಾಧ್ಯವಾದದ್ದು ತನಗೆ ಯಾಕೆ ಆಗುತ್ತಿಲ್ಲ?

ಆದರೂ ಬೇವಿನೆಣ್ಣೆ ಹಚ್ಚಿದ. ಅರಿಸಿನ ಕಲಸಿ ಮೆತ್ತಿದ. ನಾಯಿ ಅದನ್ನೆಲ್ಲ ನೆಕ್ಕಿ ವಾಂತಿ ಮಾಡಿತು. ಪಕ್ಕದ ಮನೆಯ ಮುದಿ ನೇಕಾರ ಅಪ್ಪಯ್ಯಣ್ಣ, "ಲಾರಿಯವ್ರತ್ರ ಸುಟ್ಟ ಆಯಿಲ್ ಇಸ್ಕೊಂಬಾ, ಮೈಗೆಲ್ಲ ಬಳಿ. ಕಜ್ಜಿ ಮೂರೇ ದಿನಕ್ಕೆ ಉದುರೋಗ್ತದೆ" ಎಂದು ಹೇಳಿದ. ವೇಣುಗೋಪಾಲ್ ಬಾಟಲಿಯಲ್ಲಿ ಆ ಕರಿ ಎಣ್ಣೆಯನ್ನೂ ತಂದಿಟ್ಟ. ಮಧ್ಯಾಹ್ನ ಬಳಿದರಾಯಿತು ಅಂತ ಮಗ್ಗಕ್ಕೆ ಹೋದ.

ಅಷ್ಟರಲ್ಲಿ ಕರೆಂಟು ಹೋಯಿತು. ಇಡೀ ಬೀದಿಯ ಮಗ್ಗಗಳು ಒಟ್ಟಿಗೆ ನಿಂತರೆ ಆಗುವ ಮೌನ ಆ ಊರಿನವರಿಗೆ ಗೊತ್ತು. ಕಿವಿಯೊಳಗೆ ಗಾಳಿ ನುಗ್ಗಿದ ಹಾಗಿರುತ್ತದೆ. ಆ ಮೌನದಲ್ಲಿ ಹಿತ್ತಲಿನಿಂದ ಒಂದು ಸದ್ದು ಬರುತ್ತಿತ್ತು. ಧಡ್ ಧಡ್ ಧಡ್ ಅಂತ ನೆಲಕ್ಕೆ ಮೊಣಕಾಲು ಬಡಿಯುವ ಸದ್ದು, ನಡುವೆ ಒಂದು ಸಣ್ಣ ಕುಂಯ್. ನಿಲ್ಲುತ್ತದೆ ಅಂದುಕೊಂಡು ಅವನು ಕೇಳುತ್ತ ನಿಂತ. ನಿಲ್ಲಲಿಲ್ಲ. ಮಗ್ಗದ ಗದ್ದಲದಲ್ಲಿ ದಿನವೆಲ್ಲ ಇದು ತನಗೆ ಕೇಳದೆ ನಡೆದಿದೆ ಎಂದು ಹೊಳೆಯಿತು. ಹೋಗಿ ನೋಡಿದರೆ ಕಿವಿಯ ಹಿಂದೆ ಚರ್ಮ ಕಿತ್ತು ನೆಲದ ಮೇಲೆಲ್ಲ ರಕ್ತದ ಹನಿ. ಬೆಲ್ಲ ಅವನನ್ನು ನೋಡಿ ಬಾಲ ಆಡಿಸಿತು, ಆಡಿಸುತ್ತಲೇ ಮತ್ತೆ ಕೆರೆದುಕೊಂಡಿತು.

ಅವನು ಕರಿ ಎಣ್ಣೆಯ ಬಾಟಲಿಯನ್ನು ಹೊರಗಿಟ್ಟು, ಸೀರೆ ಸಾಗಿಸುವ ಲಗೇಜ್ ಆಟೋದವನಿಗೆ ಫೋನ್ ಮಾಡಿದ.

ಪಶು ಆಸ್ಪತ್ರೆಯಲ್ಲಿ ಡಾಕ್ಟರ್ ಹರ್ಷಿತ ಅಂತ ಹೊಸದಾಗಿ ಬಂದಿದ್ದರು. ಬಾಗಿಲಲ್ಲಿ ಎರಡು ಸೀಮೆಹಸುಗಳು ಕಾಯುತ್ತಿದ್ದವು. ಡಾಕ್ಟರು ಅವನ್ನು ಮುಗಿಸಿ ಬಂದು ಬೆಲ್ಲನನ್ನು ಮೇಜಿನ ಮೇಲೆ ನಿಲ್ಲಿಸಿಕೊಂಡು, ಕಿವಿ ಮಗುಚಿ, ತುಟಿ ಎತ್ತಿ, ಬೆರಳ ಸಂದು ಬಿಡಿಸಿ ನಿಧಾನವಾಗಿ ನೋಡಿದರು. ಚರ್ಮವನ್ನು ಬ್ಲೇಡಿನಲ್ಲಿ ಮೆಲ್ಲಗೆ ಕೆರೆದು ಗಾಜಿನ ಪಟ್ಟಿಯ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದರು.

"ಕಜ್ಜಿ ಹುಳ ಇಲ್ಲ" ಅಂದರು. "ಇದು ಯಾವಾಗಿಂದ?"

"ನಮ್ ಮನೆಯವ್ರು ತೀರ್ಕೊಂಡ್ರು ಮೇಡಂ. ಅವ್ರೇ ಸಾಕಿದ್ದು. ಆವಾಗಿಂದ" ಅಂದ ವೇಣುಗೋಪಾಲ್. "ಕೊರಗು ಅಂತಾರೆ ಎಲ್ರೂ."

ಡಾಕ್ಟರು, "ಅದಕ್ಕೂ ಮುಂಚೆ ಏನೂ ಇರ್ಲಿಲ್ವಾ? ಯೋಚನೆ ಮಾಡಿ ಹೇಳಿ. ಕಿವಿ ಕೆರ್ಕೊಳ್ಳೋದು, ಕಾಲು ನೆಕ್ಕೋದು?" ಅಂದರು.

ಇಲ್ಲ ಅನ್ನಲು ಬಾಯಿ ತೆರೆದವನು ತಡೆದುಕೊಂಡ. ಹೋದ ಬೇಸಿಗೆಯಲ್ಲಿ ಅನಿತ ಟಿವಿ ಮುಂದೆ ಕೂತು ಬೆಲ್ಲನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಕೊಬ್ಬರಿ ಎಣ್ಣೆ ಸವರುತ್ತಿದ್ದಳು. "ಏನೋ ಕಚ್ಚೈತೆ ನೋಡ್ರಿ, ಬರೀ ನೆಕ್ಕತಾನೆ" ಅನ್ನುತ್ತಿದ್ದಳು. ಹತ್ತಿ ಸುತ್ತಿದ ಕಡ್ಡಿಯಲ್ಲಿ ಕಿವಿ ಒರೆಸಿ, ಬಂದ ಕಂದು ಕಲ್ಮಶ ತೋರಿಸಿ ಮುಖ ಸಿಂಡರಿಸುತ್ತಿದ್ದಳು.

"ಇತ್ತು" ಅಂದ. "ಅವ್ಳು ಇದ್ದಾಗ್ಲೇ ಇತ್ತು."

"ಏನ್ ಹಾಕ್ತೀರ ಊಟಕ್ಕೆ?"

ಅವನು ಹೇಳಿದ. ಬೀದಿಯವರ ಬಟ್ಟಲುಗಳನ್ನೂ ಅತ್ತೆಯ ಡಬ್ಬಿಯನ್ನೂ ಸೇರಿಸಿ ಹೇಳಿದ.

"ನೋಡಿ, ಇದು ಕೊರಗಲ್ಲ, ಅಲರ್ಜಿ. ತಿನ್ನೋದು ಒಗ್ತಿಲ್ಲ ಇವನಿಗೆ. ನಾಯಿಗಳಲ್ಲಿ ಕೋಳಿ, ಹಾಲು ಮೊಸರು, ಗೋಧಿ, ಇವೇ ಸಾಮಾನ್ಯವಾಗಿ ಕಾಟ ಕೊಡೋದು. ಇವನಿಗೆ ಮೂರೂ ಹೋಗ್ತಿದೆ. ನೀವೆಲ್ಲ ಪಾಪ ಅಂತ ಕೋಳಿ ಜಾಸ್ತಿ ಹಾಕಿದ್ದೀರಿ, ಕೆರೆತ ಜಾಸ್ತಿ ಆಗಿದೆ."

"ಮರಿಯಾಗಿದ್ದಾಗಿಂದ ತಿಂತಾ ಇದ್ದಾನಲ್ಲ ಮೇಡಂ?"

"ವರ್ಷಗಟ್ಟಲೆ ತಿಂದಿದ್ದೇ ಒಂದು ದಿನ ಒಗ್ಗದೆ ಹೋಗುತ್ತೆ. ಹಾಗೇ ಅದು."

ರಕ್ತ ಪರೀಕ್ಷೆ ಮಾಡಿದರೆ ಗೊತ್ತಾಗುವುದಿಲ್ಲವೇ ಎಂದು ಅವನು ಕೇಳಿದ. ಅದನ್ನು ನಂಬುವ ಹಾಗಿಲ್ಲ, ಪಥ್ಯ ಮಾಡಿಯೇ ತಿಳಿಯಬೇಕು ಅಂದರು ಡಾಕ್ಟರು. ಹುಣ್ಣಿಗೂ ಕೆರೆತಕ್ಕೂ ಸದ್ಯಕ್ಕೆ ಮಾತ್ರೆ, ವಾರಕ್ಕೆರಡು ಸಲ ಔಷಧದ ಶಾಂಪೂ ಸ್ನಾನ. ಊಟಕ್ಕೆ ಇದುವರೆಗೆ ಅದು ತಿನ್ನದೇ ಇದ್ದದ್ದು ಯಾವುದಾದರೂ ಒಂದು ಮಾಂಸ, ಒಂದು ತರಕಾರಿ, ಅಷ್ಟೇ, ಎರಡು ತಿಂಗಳು. "ಒಂದು ಬಿಸ್ಕತ್ ಚೂರು ಹೋದ್ರೂ ಲೆಕ್ಕ ಕೆಡುತ್ತೆ. ಮೊದಲಿಂದ ಶುರು ಮಾಡ್ಬೇಕಾಗುತ್ತೆ. ಮಾಡ್ತೀರಾ?"

"ಮಾಡ್ತೀನಿ" ಅಂದ.

ಆಟೋದಲ್ಲಿ ವಾಪಸ್ ಬರುವಾಗ ಬೆಲ್ಲ ಅವನ ಕಾಲಿಗೆ ಒರಗಿ ಕೂತಿತ್ತು. ಹಾಗಾದರೆ ಇದೂ ಅತ್ತಿರಲಿಲ್ಲ ಎಂದು ಅವನು ಯೋಚಿಸಿದ. ಇಷ್ಟು ದಿನ ಈ ಮನೆಯಲ್ಲಿ ದುಃಖಪಡುತ್ತಿರುವ ಜೀವ ಒಂದಿದೆ ಅಂತ ಎಲ್ಲರೂ ನಂಬಿದ್ದರು, ತಾನೂ ನಂಬಿದ್ದ. ಅದೂ ಇಲ್ಲವಾಯಿತು. ಸಮಾಧಾನವಾಗಬೇಕಿತ್ತೋ ಬೇಸರವಾಗಬೇಕಿತ್ತೋ ತಿಳಿಯಲಿಲ್ಲ. ರಸ್ತೆ ಬದಿಯಲ್ಲಿ ಯಾರೋ ಜೋಳ ಸುಡುತ್ತಿದ್ದರು. ಅದನ್ನು ನೋಡುತ್ತ ಬಂದ.

ಬೆಲ್ಲ ತಿಂದಿರದ ಮಾಂಸ ಅಂದರೆ ಮೀನು. ಆ ಮನೆಯಲ್ಲಿ ಮೀನು ಬೇಯಿಸುತ್ತಿರಲಿಲ್ಲ, ಮಗ್ಗದ ಮೇಲಿನ ಸೀರೆಗೆ ವಾಸನೆ ಹತ್ತುತ್ತದೆ ಅಂತ. ವೇಣುಗೋಪಾಲ್ ಹಿತ್ತಲಿನ ಒಲೆಯನ್ನು ಕಾಂಪೌಂಡಿನ ಮೂಲೆಗೆ ಸರಿಸಿದ. ಸಂತೆಯಲ್ಲಿ ಕೆರೆಯ ಜಿಲೇಬಿ ಮೀನು ಸಿಗುತ್ತಿತ್ತು. ಅದನ್ನು ಉಪ್ಪು ಹಾಕದೆ ಬೇಯಿಸಿ, ಮುಳ್ಳು ಬಿಡಿಸಿ, ಬೆಂದ ಸಿಹಿ ಕುಂಬಳದ ಜೊತೆ ಕಲಸಿ ಇಡುವುದು. ಮೊದಲ ದಿನ ಬೆಲ್ಲ ಮೂಸಿ ನೋಡಿ ಅವನ ಮುಖ ನೋಡಿತು. ಎರಡನೆಯ ದಿನ ನೆಕ್ಕಿ ಮುಗಿಸಿತು. ಸ್ನಾನದ ದಿನ ನಾಯಿಯ ಮೈಗೆ ಶಾಂಪೂ ನೊರೆ ಹಚ್ಚಿ, ಹತ್ತು ನಿಮಿಷ ಹಾಗೇ ಬಿಡಬೇಕಿತ್ತು. ಆ ಹತ್ತು ನಿಮಿಷ ಅವನು ಒದ್ದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ನಾಯಿಯ ಕೊರಳಪಟ್ಟಿ ಹಿಡಿದುಕೊಂಡು ಗೋಡೆ ನೋಡುತ್ತಿದ್ದ. ಕೈಗೆ ಅದರ ಬಿಸಿ ತಾಗುತ್ತಿತ್ತು. ಕೆಲಸ ಮುಗಿದರೆ ಎದ್ದು ಮಗ್ಗಕ್ಕೆ ಹೋಗುತ್ತಿದ್ದ. ಇದೊಂದು ಕೆಲಸ, ಅಷ್ಟೇ. ಮಾಡಲು ಏನೋ ಇತ್ತು.

ಬೀದಿಯವರಿಗೆ ಬಟ್ಟಲು ತರಬೇಡಿ ಅಂದ. ಕೆಲವರು ಮುಖ ಸಣ್ಣಗೆ ಮಾಡಿದರು. "ಡಾಕ್ಟ್ರು ಹೇಳಿದ್ ಮೇಲೆ ಆಯ್ತಪ್ಪ" ಅಂದ ಅಪ್ಪಯ್ಯಣ್ಣ. ಅತ್ತೆಗೆ ಹೇಳುವುದು ಕಷ್ಟವಾಯಿತು.

"ಕೋಳಿ ಒಗ್ಗಲ್ವಾ?" ರುಕ್ಮಿಣಮ್ಮ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡೇ ಕೇಳಿದಳು. "ಅನಿತ ಇಷ್ಟ್ ವರ್ಷ ಏನಿಕ್ಕಿದ್ಲು ಮತ್ತೆ?"

"ಅದ್ನೇ ಅತ್ತೆ. ಅದೇ ಒಗ್ತಿಲ್ಲ."

"ನಿನ್ನೆ ಮೊನ್ನೆ ಓದ್ಕೊಂಡ್ ಬಂದಿರೋ ಹುಡ್ಗಿಗೆ ಏನ್ ಗೊತ್ತಾಗ್ತದೆ? ದುಃಖಕ್ಕೆ ಮಾತ್ರೆ ಬರ್ಕೊಟ್ಳಾ?"

"ದುಃಖ ಅಲ್ವಂತೆ" ಅಂದ ಅವನು.

ರುಕ್ಮಿಣಮ್ಮ ಡಬ್ಬಿಯ ಮುಚ್ಚಳ ಒತ್ತಿ ಎದ್ದು ಹೋದಳು.

ಮಾತ್ರೆ ಇರುವ ತನಕ ಬೆಲ್ಲ ಚೇತರಿಸಿಕೊಂಡಿತು. ಹುಣ್ಣುಗಳು ಒಣಗಿದವು. ಮಗ್ಗದ ಬಾಗಿಲಿಗೆ ಬಂದು ಮೂತಿಯನ್ನು ಹೊಸ್ತಿಲ ಮೇಲಿಟ್ಟು ನಿದ್ದೆ ಮಾಡತೊಡಗಿತು. ಇನ್ನು ಊಟವೇ ಔಷಧ ಅಂತ ಡಾಕ್ಟರು ಮಾತ್ರೆ ನಿಲ್ಲಿಸಿದರು. ನಿಲ್ಲಿಸಿದ ಮೇಲೆ ಸ್ವಲ್ಪ ದಿನಕ್ಕೇ ಕೆರೆತ ಮರಳಿತು. ಮತ್ತೆ ಕಿವಿ, ಮತ್ತೆ ಕಂಕುಳು.

"ಬೇರೆ ಏನಾದ್ರೂ ಹೋಗ್ತಿದೆಯಾ ಹೊಟ್ಟೆಗೆ?" ಎಂದು ಫೋನಿನಲ್ಲಿ ಕೇಳಿದರು ಹರ್ಷಿತ.

"ನಾನೇ ಹಾಕೋದು ಮೇಡಂ. ಗೇಟಿಂದ ಆಚೆಗೂ ಬಿಡಲ್ಲ."

"ಇನ್ನೊಂದ್ಸಲ ಸರಿಯಾಗಿ ನೋಡಿ."

ಅವತ್ತು ಮಧ್ಯಾಹ್ನ ಕಿವಿ ಒರೆಸಲು ಬೆಲ್ಲನ ತಲೆಯನ್ನು ಹತ್ತಿರ ಎಳೆದುಕೊಂಡಾಗ ಅದರ ಬಾಯಿಂದ ವಾಸನೆ ಬಂತು. ಮೀನಿನದಲ್ಲ; ಮೆಣಸು ಬೆಳ್ಳುಳ್ಳಿ ಹಾಕದೆ ಬರೀ ಉಪ್ಪಿನಲ್ಲಿ ಬೆಂದ ಕೋಳಿ. ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಸಣ್ಣದೊಂದು ಮೂಳೆ ಬಿದ್ದಿತ್ತು. ವೇಣುಗೋಪಾಲ್ ಅದನ್ನು ಎತ್ತಿ ಕಸಕ್ಕೆ ಹಾಕಿದ. ಯಾರು ಅಂತ ಯೋಚಿಸಬೇಕಾಗಿರಲಿಲ್ಲ. ಹಿತ್ತಲ ಬಾಗಿಲ ಚಿಲಕವನ್ನು ಆಚೆಯಿಂದ ಕೈ ಹಾಕಿ ತೆಗೆಯುವ ಉಪಾಯ ಅವನಿಗೂ ಅನಿತಳಿಗೂ ಬಿಟ್ಟರೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ಮಾತ್ರ.

ಮಾರನೆಯ ದಿನ ಊಟದ ಹೊತ್ತಿಗೆ ಮಗ್ಗಗಳನ್ನು ಓಡಲು ಬಿಟ್ಟು, ಹಜಾರದಿಂದ ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತ. ರುಕ್ಮಿಣಮ್ಮ ತಗಡಿನ ಸೂರಿನ ಕೆಳಗೆ ನೆಲಕ್ಕೆ ಕೂತಿದ್ದಳು. ಬೆಲ್ಲ ಅವಳ ಮಂಡಿಯ ಮೇಲೆ ಒಂದು ಕಾಲಿಟ್ಟಿತ್ತು. ಅವಳು ತುಂಡನ್ನು ಎಳೆ ಎಳೆಯಾಗಿ ಬಿಡಿಸಿ, ಊದಿ ತಣ್ಣಗೆ ಮಾಡಿ, ಬಾಯಿಗೆ ಇಡುತ್ತಿದ್ದಳು. ಏನೋ ಹೇಳುತ್ತಲೂ ಇದ್ದಳು. ಮಗ್ಗದ ಸದ್ದಿನಲ್ಲಿ ಕೇಳಲಿಲ್ಲ. ಅವನು ಒಳಗೆ ಹೋಗಿ ಮಗ್ಗಗಳನ್ನು ನಿಲ್ಲಿಸಿ ಬಂದ.

ಸದ್ದು ನಿಂತ ತಕ್ಷಣ ಅವಳು ತಲೆಯೆತ್ತಿದಳು. ಡಬ್ಬಿ ಮುಚ್ಚಲಿಲ್ಲ.

"ಬೈ" ಅಂದಳು.

"ಬೈಯ್ಯೋದೇನಿಲ್ಲ ಅತ್ತೆ. ಅವ್ನಿಗೆ ಉರೀತೈತೆ. ನೋಡಿ ಇಲ್ಲಿ." ಅವನು ಕೂತು ಬೆಲ್ಲನ ಕಿವಿ ಮಗುಚಿ ತೋರಿಸಿದ.

ಅವಳು ನೋಡಲಿಲ್ಲ. "ನನ್ ಮಗಳು ವಿಷ ಇಕ್ಕಿದ್ಲೇನೋ? ನಿನ್ ಬಾಯಿಂದ ಹೇಳು. ಆ ಒಲೆ ಮುಂದೆ ಕೂತು ಕಣ್ಣಲ್ಲಿ ನೀರು ಸುರಿಸ್ಕೊಂಡು ಊದ್ತಿದ್ಲಲ್ಲ, ವಿಷ ಬೇಯಿಸ್ತಿದ್ಲಾ?"

"ಅವ್ಳಿಗೆ ಗೊತ್ತಿರ್ಲಿಲ್ಲ. ನಂಗೂ ಗೊತ್ತಿರ್ಲಿಲ್ಲ."

"ಇವ್ನು ವಾಸಿಯಾಗ್ಬಿಟ್ರೆ ಏನರ್ಥ?" ಅವಳ ದನಿ ಏರಿತು. "ಮರ್ತ ಅಂತ ತಾನೆ? ಸಂತೋಷ ಆಗ್ಲೇ ಟೂರು ಹೊಂಟವ್ನೆ. ನೀನು ತಿಥಿ ಆದ ಮಾರ್ನೆ ದಿನ ಮಗ್ಗ ಓಡಿಸ್ದೆ. ಇದೊಂದಿತ್ತು ಕಣೋ. ಇದು ಮೈ ಕೆರ್ಕೋತಿದ್ರೆ ನಂಗೊಂಥರಾ... ನನ್ ಮಗಳಿಗೆ ಅಳೋರು ಒಬ್ರಿದ್ದಾರೆ ಅಂತ."

ಹೇಳಿದ ಮೇಲೆ ತಾನೇ ಬೆಚ್ಚಿದವಳಂತೆ ಬಾಯಿಗೆ ಸೆರಗು ಒತ್ತಿಕೊಂಡಳು. ಬೆಲ್ಲ ಡಬ್ಬಿಗೆ ಮೂತಿ ಚಾಚಿತು. ವೇಣುಗೋಪಾಲ್ ಡಬ್ಬಿಯನ್ನು ಎತ್ತಿ ಮುಚ್ಚಳ ಹಾಕಿ ಕಿಟಕಿಯ ಮೇಲಿಟ್ಟ.

"ಅತ್ತೆ, ನಂಗೆ ಅಳು ಬರ್ತಿಲ್ಲ" ಅಂದ. ಅವನು ಇದನ್ನು ಯಾರಿಗೂ ಹೇಳಿರಲಿಲ್ಲ, ಹೇಳಬೇಕು ಅಂತ ಈಗಲೂ ಅಂದುಕೊಂಡಿರಲಿಲ್ಲ. "ಹಲ್ಲು ಕೀಳೋಕ್ ಮುಂಚೆ ಸೂಜಿ ಹಾಕ್ತಾರಲ್ಲ, ಹಂಗೈತೆ. ಮೈಯೆಲ್ಲ. ಮುಟ್ಟಿದ್ರೆ ಮುಟ್ಟಿದ್ದು ಗೊತ್ತಾಗ್ತದೆ, ನೋವಾಗಲ್ಲ. ಮಗ್ಗ ಓಡ್ಸಿದ್ದು ಅವ್ಳು ಬ್ಯಾಡ ಅಂತಲ್ಲ. ಬೇರೆ ಏನ್ ಮಾಡ್ಬೇಕೋ ಗೊತ್ತಾಗ್ಲಿಲ್ಲ."

ಅವನ ದನಿಯಲ್ಲಿ ಏರಿಳಿತವೇ ಇರಲಿಲ್ಲ. ಸಂತೆಯ ಸುದ್ದಿ ಹೇಳಿದ ಹಾಗಿತ್ತು. ಬಹುಶಃ ಅದಕ್ಕೇ ಇರಬೇಕು, ರುಕ್ಮಿಣಮ್ಮ ಮೊದಲ ಸಲ ಅವನ ಮುಖವನ್ನು ಸರಿಯಾಗಿ ನೋಡಿದಳು. ಗಲ್ಲದ ಎಲುಬು ಎದ್ದಿದ್ದನ್ನೂ ಅಂಗಿ ಜೋಲುತ್ತಿದ್ದುದನ್ನೂ ನೋಡಿದಳು.

"ಸೂಜಿ ಇಳಿದ್ ಮೇಲೆ ನೋವು ಬರ್ತದಲ್ಲ" ಅಂದಳು ಮೆಲ್ಲಗೆ.

"ಬರ್ಬೋದು."

ಬೆಲ್ಲ ಹಿಂಗಾಲೆತ್ತಿ ಕಿವಿ ಕೆರೆದುಕೊಳ್ಳಲು ಶುರುಮಾಡಿತು. ರುಕ್ಮಿಣಮ್ಮ ಅಭ್ಯಾಸಬಲದಿಂದ ಅದರ ಕಾಲು ಹಿಡಿದುಕೊಂಡಳು. ಹಿಡಿದ ಕೈಯೊಳಗೂ ಆ ಕಾಲು ಅದುರುತ್ತಲೇ ಇತ್ತು.

ಅವತ್ತಿನಿಂದ ಅವಳು ಡಬ್ಬಿ ತರಲಿಲ್ಲ. ಕೆಲವು ದಿನ ಅವಳೂ ಬರಲಿಲ್ಲ. ಪಥ್ಯ ಮೊದಲಿನಿಂದ ಶುರುವಾಯಿತು. ಮೀನು, ಕುಂಬಳ, ಸ್ನಾನ, ಕಿವಿಗೆ ಹನಿ. ಹಗಲುಗಳು ಒಂದರ ಹಾಗೆ ಇನ್ನೊಂದು ಹೋದವು. ಮಗ್ಗದಲ್ಲಿ ಹಾಸುನೂಲು ಮುಗಿದು ಹೊಸದು ಏರಿತು. ಒಂದು ಬೆಳಗ್ಗೆ ಸ್ನಾನ ಮಾಡಿಸುವಾಗ ಬೆಲ್ಲನ ಹೊಟ್ಟೆಯ ಮೇಲೆ ಕೈಗೆ ಏನೋ ಒರಟಾಗಿ ತಾಗಿತು. ಬಗ್ಗಿ ನೋಡಿದರೆ ಕಪ್ಪು ಚರ್ಮದ ನಡುವೆ ಸಣ್ಣ ಕೂದಲು, ಗರಿಕೆ ಚಿಗುರಿದ ಹಾಗೆ. ವೇಣುಗೋಪಾಲ್ ಅದರ ಮೇಲೆ ಹೆಬ್ಬೆರಳು ಆಡಿಸಿದ. ಒಳ್ಳೆಯದು ಅಂದುಕೊಂಡ. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ.

ಎರಡು ತಿಂಗಳು ಕಳೆದ ಮೇಲೆ ನಾಯಿಯನ್ನು ನೋಡಿ ಡಾಕ್ಟರ್ ಹರ್ಷಿತ ನಕ್ಕರು. ಆಮೇಲೆ, "ಇನ್ನೊಂದು ಉಳಿದಿದೆ" ಅಂದರು. "ಖಾತ್ರಿಯಾಗ್ಬೇಕು ಅಂದ್ರೆ ಕೋಳಿ ಮತ್ತೆ ಕೊಟ್ಟು ನೋಡ್ಬೇಕು. ಸ್ವಲ್ಪ ದಿನ. ಕೆರೆತ ಬಂತಾ, ಅದೇ ಕಾರಣ. ಬರ್ಲಿಲ್ವಾ, ಮೊಸರೋ ಗೋಧಿನೋ ಇರ್ಬೇಕು."

"ವಾಸಿಯಾದವ್ನಿಗೆ ಮತ್ತೆ ಬರಿಸೋದಾ?"

"ಬಂದ ತಕ್ಷಣ ನಿಲ್ಲಿಸಿಬಿಡಿ. ಇಲ್ದಿದ್ರೆ ಜೀವಮಾನ ಪೂರ್ತಿ ಅನುಮಾನದಲ್ಲೇ ಇರ್ತೀರಿ."

ಮನೆಗೆ ಬಂದು ಅವನು ತುಂಬ ಹೊತ್ತು ಯೋಚಿಸಿದ. ತಾನೊಬ್ಬನೇ ಕೊಟ್ಟು ನೋಡಬಹುದಿತ್ತು. ಆದರೆ ಇದನ್ನು ನೋಡಬೇಕಾದವಳು ಇನ್ನೊಬ್ಬಳಿದ್ದಾಳೆ ಅನ್ನಿಸಿತು. ಸಂತೋಷನ ಮನೆಗೆ ಹೋಗಿ ಬಾಗಿಲಲ್ಲೇ ನಿಂತು, "ಅತ್ತೆ, ನಾಳೆ ಕೋಳಿ ಬೇಯಿಸ್ಕೊಂಡು ಬನ್ನಿ" ಅಂದ.

ರುಕ್ಮಿಣಮ್ಮ ಬಂದಳು. ಬೆಲ್ಲನನ್ನು ನೋಡಿ ಹೊಸ್ತಿಲಲ್ಲೇ ನಿಂತುಬಿಟ್ಟಳು. ಕತ್ತಿನ ಸುತ್ತ ಹೊಸ ಕೂದಲು ಬಂದು ಬಣ್ಣ ಮೊದಲಿನ ಹಾಗೆ ಹೊಳೆಯುತ್ತಿತ್ತು. ಅದು ಅವಳ ಸುತ್ತ ಕುಣಿದು, ಸೀರೆಯ ನೆರಿಗೆಗೆ ಮೂತಿ ತೂರಿಸಿ, ಕುಂಯ್‌ಗುಟ್ಟಿತು. "ಚೆನ್ನಾಗಾಗ್ಬಿಟ್ಟವ್ನೆ" ಅಂದಳು. ಅದರಲ್ಲಿ ಸಂತೋಷವಿತ್ತೋ ದೂರಿತ್ತೋ ಹೇಳುವುದು ಕಷ್ಟ. ಅವನು ಡಾಕ್ಟರು ಹೇಳಿದ್ದನ್ನು ವಿವರಿಸಿದ. ಅವಳು ಕೂತು ತುಂಡು ಬಿಡಿಸಿ ತಿನ್ನಿಸಿದಳು. ಬೆಲ್ಲ ಆಸೆಯಿಂದ ತಿಂದು ಅವಳ ಬೆರಳುಗಳನ್ನೆಲ್ಲ ನೆಕ್ಕಿತು. ಅವತ್ತು ಏನೂ ಆಗಲಿಲ್ಲ. ಮಾರನೆಯ ದಿನವೂ ಏನೂ ಆಗಲಿಲ್ಲ. ಅವಳ ಮುಖದಲ್ಲಿ ಒಂದು ಗೆಲುವು ಕಾಣಿಸಿತು. "ನಾನ್ ಹೇಳಿರ್ಲಿಲ್ವಾ?" ಅಂದಳು.

ಅದರ ಮರುದಿನ ಅವಳು ಬರುವ ಹೊತ್ತಿಗೆ ಬೆಲ್ಲ ಪಾದ ನೆಕ್ಕುತ್ತಿತ್ತು. ಅವಳು ಡಬ್ಬಿಯನ್ನು ಪಕ್ಕಕ್ಕಿಟ್ಟು ನೋಡುತ್ತ ಕೂತಳು. ನೆಕ್ಕುವುದು ನಿಲ್ಲಲಿಲ್ಲ. ಆಮೇಲೆ ಕಿವಿ. ಧಡ್ ಧಡ್ ಎಂದು ನೆಲಕ್ಕೆ ಕಾಲು ಬಡಿಯಿತು. ಹೊಸ ಕೂದಲಿನ ಒಂದು ಎಳೆ ಉದುರಿ ಅವಳ ಸೀರೆಯ ಮೇಲೆ ಬಿತ್ತು. ರುಕ್ಮಿಣಮ್ಮ ಅದನ್ನು ಎರಡು ಬೆರಳಲ್ಲಿ ಹಿಡಿದೆತ್ತಿದಳು.

"ಸಾಕು" ಅಂದಳು. "ಸಾಕು ನಿಲ್ಸೋ. ನೋಡ್ದೆ."

ಅವಳು ಅತ್ತಳು. ಸದ್ದಿಲ್ಲದೆ, ಹೆಗಲು ಅಲುಗುತ್ತ. ಸಾವಿನ ದಿನ ಅವಳು ಎದೆ ಬಡಿದುಕೊಂಡು ಅತ್ತದ್ದನ್ನು ವೇಣುಗೋಪಾಲ್ ನೋಡಿದ್ದ. ಇದು ಹಾಗಿರಲಿಲ್ಲ. ಅವನು ಡಬ್ಬಿ ತೆಗೆದುಕೊಂಡು ಹೋಗಿ, ಉಳಿದ ತುಂಡುಗಳನ್ನು ಆಚೆ ಬೀದಿಯ ಕಪ್ಪು ನಾಯಿಗೆ ಹಾಕಿ, ಡಬ್ಬಿಯನ್ನು ಬೂದಿ ಹಾಕಿ ತಿಕ್ಕಿ ತೊಳೆದು ತಂದ. ಅವಳಿಗೆ ಒಂದು ಲೋಟ ನೀರು ಕೊಟ್ಟ. ಬೆಲ್ಲನ ಕಿವಿಗೆ ಔಷಧದ ಹನಿ ಬಿಟ್ಟ.

ಕೆರೆತ ಇಳಿಯಲು ಒಂದಷ್ಟು ದಿನ ಹಿಡಿಯಿತು. ಆ ದಿನಗಳಲ್ಲಿ ರುಕ್ಮಿಣಮ್ಮ ಬೆಳಗ್ಗೆಯೇ ಬರತೊಡಗಿದಳು. ಮೀನು ಮುಟ್ಟಿದವಳಲ್ಲ, ಮೂಗಿಗೆ ಸೆರಗು ಕಟ್ಟಿಕೊಂಡು ಒಲೆಯ ಮುಂದೆ ಕೂರುತ್ತಿದ್ದಳು. ಬೆಂದ ಮೀನನ್ನು ತಟ್ಟೆಗೆ ಸುರಿದುಕೊಂಡು ಮುಳ್ಳು ಆರಿಸುತ್ತಿದ್ದಳು. ಅವಳ ಕಣ್ಣು ಮಂಜಾಗಿದ್ದರಿಂದ ಬೆರಳಿನಿಂದಲೇ ತಡಕಿ ತಡಕಿ ತೆಗೆಯಬೇಕಿತ್ತು. ವೇಣುಗೋಪಾಲ್ ಎದುರಿಗೆ ಕೂತು ಕುಂಬಳದ ಸಿಪ್ಪೆ ಹೆರೆಯುತ್ತಿದ್ದ.

ಒಂದು ಬೆಳಗ್ಗೆ ಅವಳು ಕೈ ನಿಲ್ಲಿಸದೆ ಕೇಳಿದಳು, "ಗೊತ್ತಾಗಿದ್ದಿದ್ರೆ ಏನ್ ಮಾಡ್ತಿದ್ಲೋ ಅವ್ಳು?"

ವೇಣುಗೋಪಾಲ್ ಯೋಚಿಸಿದ. ಅನಿತ ಮೂಗು ಮುಚ್ಚಿಕೊಂಡು ಸಂತೆಯ ಮೀನಿನಂಗಡಿಯ ಮುಂದೆ ನಿಂತಿರುವುದು, ವಾಸನೆ ಅಂತ ಅವನನ್ನೇ ಬೈಯುತ್ತ ಒಲೆ ಊದುವುದು, ಒಂದು ಮುಳ್ಳು ಉಳಿದಿಲ್ಲ ತಾನೆ ಅಂತ ನಾಲ್ಕು ಸಲ ನೋಡುವುದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗೆ ಬಂತು. ಅವಳು ಹೋದ ಮೇಲೆ ಅವಳ ಮುಖ ಇಷ್ಟು ಸ್ಪಷ್ಟವಾಗಿ ಕಂಡದ್ದು ಇದೇ ಮೊದಲು.

"ಮೀನು ಬೇಯಿಸ್ತಿದ್ಲು" ಅಂದ.

"ಹ್ಞೂಂ" ಅಂದಳು ರುಕ್ಮಿಣಮ್ಮ. "ಬೇಯಿಸ್ತಿದ್ಲು."

ಅವನು ಅಳು ಬರುತ್ತದೇನೋ ಅಂತ ಸ್ವಲ್ಪ ಹೊತ್ತು ಕಾದ. ಬರಲಿಲ್ಲ. ಆ ಮುಖ ಮಾತ್ರ ಅಲ್ಲೇ ಇತ್ತು, ಹೋಗಲೂ ಇಲ್ಲ. ರುಕ್ಮಿಣಮ್ಮ ಮುಳ್ಳು ಬಿಡಿಸಿದ ತಟ್ಟೆಯನ್ನು ಅವನ ಕಡೆಗೆ ತಳ್ಳಿ, "ನಂಗೆ ಕಣ್ ಕಾಣಲ್ಲ, ನೀನೂ ಒಂದ್ಸಲ ನೋಡು" ಅಂದಳು. ಅವನು ಸಿಪ್ಪೆ ಹೆರೆಯುವುದನ್ನು ಬಿಟ್ಟು ತಟ್ಟೆಯ ಮೇಲೆ ಬಗ್ಗಿದ.